ಸೋರಿಬುರುಡಿ ಲೆಕ್ಕ

ಇದಕ್ಕ ರೆಕ್ಕಿ ಅಂತಾರ. ಹಾರೂದಿಲ್ಲ.
ಬೆನ್ನಿಗೆ ಉಕ್ಕಿನ ತಗಡು, ಅದರ ಹಿಂದ ಸಿಲಿಂಡರು,
ಎರಡರ ನಡುವ ಸಿಕ್ಕೊಂಡ ಗಾಳಿಚೀಲ.
ಗುಂಡಿ ಒತ್ತಿದರ ಉಬ್ಬತೈತಿ,
ದಾರ ಜಗ್ಗಿದರ ಉಸಿರು ಬಿಡತೈತಿ.
ಮುಳುಗೋ ಮನಷ್ಯಾನ್ನ ನಡುನೀರಾಗ ನಿಲ್ಲಸೂದು,
ಅಷ್ಟ ಅದರ ಚಾಕರಿ.

ಬಾಗಲಕೋಟಿ ನವನಗರದಾಗ, ಮನಿ ಕಟ್ಟೀ ಮ್ಯಾಲ
ಎರಡು ಹಾಳಿ ಹರವಿಕೊಂಡು ಕುಂತೇನಿ.
ಸಣ್ಣದು ಹದಿಮೂರು ಕಿಲೋ ಎತ್ತತೈತಿ, ಒಂಟಿ ಸಿಲಿಂಡರಿಗೆ.
ದೊಡ್ಡದು ಇಪ್ಪತ್ತೈದು, ಜೋಡಿಗೆ.
ರೊಕ್ಕ ಇರೂದು ಒಂದಕ್ಕ.

‘ದೊಡ್ಡದ ತಗೋ ಮಾಮಾ,’ ಅಂದ ರಾಜೇಸಾಬ,
ದೋಣಿಯೊಳಗ ನನ್ನ ಹಗ್ಗ ಹಿಡಿಯಾಂವ.
‘ಹುಡುಗಗ ಅಂಗಿ ಹೊಲಸೂವಾಗ
ಬೆಳೆಯೋ ಅಳತಿ ಹೇಳೂದಿಲ್ಲೇನು ದರ್ಜಿಗೆ?’

ಹೇಳತೇವಿ ಖರೆ.
ಆದರ ಹ್ವಾದ ವರ್ಷ ನೆನಪೈತೇನೊ ನಿನಗ?
ಜಾಕ್‌ವೆಲ್ಲಿನ ಬಾಯಿಗೆ ಬಲಿ ಸಿಕ್ಕಿತ್ತು,
ಊರ ನಳದಾಗ ಎರಡು ದಿನ ನೀರಿರಲಿಲ್ಲ.
ಬೇಡಿ ತಂದ ದೊಡ್ಡ ರೆಕ್ಕಿ, ಬೆನ್ನಿಗೆ ಒಂಟಿ ಸಿಲಿಂಡರು.
ಒಳಗ ಹೋಗೂದ ತಡ
ಬಿಸಿ ರೊಟ್ಟಿ ಬದನಿಕಾಯಿ ಪಲ್ಯಾಕ ಮಡಚಿದಂಗ
ಎರಡೂ ಕಡಿಯಿಂದ ಮಡಚಿಕೊಂಡು ಬಂತು ಅದು.
ಎಡಮಡಿಕಿಯೊಳಗ ಗಾಳಿ ಅಡಗಿ ಕುಂತು
ಜಗ್ಗಿದ ದಾರಕ್ಕೂ ಬರವಲ್ಲದು.
ಮಣ್ಣುನೀರು. ಕೈ ಚಾಚಿದರ ಕೈ ಇಲ್ಲ.
ಬಲಿಯ ಎಳಿ ಒಂದು ಕಡಿ, ಚಾಕು ಒಂದು ಕಡಿ, ನಾ ಒಂದು ಕಡಿ,
ಬೆಂಡಿನಂಗ ಮ್ಯಾಲ ಚಿಮ್ಮಿದೆ.
ನೀ ನಕ್ಕಿ.
ಮೂಗಿನ ರಕ್ತ ಕಂಡು ಸುಮ್ಮನಾದಿ.

ನಮ್ಮಜ್ಜ ದ್ಯಾಮಣ್ಣ ಅಂಬಿಗ
ಘಟಪ್ರಭಾ ತುಂಬಿ ಬಂದ ರಾತ್ರಿ ಸೂಲಗಿತ್ತೀನ್ನ ದಾಟಸತಿದ್ದ.
ಗ್ವಾಡಿ ಮೊಳಿಗೆ ಒಣಗಿದ ಸೋರಿಬುರುಡಿ, ಹಗ್ಗದಾಗ ಸಾಲಾಗಿ.
ಆಕಿನ್ನ ಮ್ಯಾಲಿಂದ ಕೆಳಗ ನೋಡಿ ಒಂದ ಬಿಚ್ಚತಿದ್ದ.
‘ಎರಡು ಕಟ್ಟೊ, ಅಂಜಿಕಿ ಬರತೈತಿ’ ಅಂತಿದ್ದಳಂತ.
‘ಹಗರು ಹೆಚ್ಚಾದರ
ಹೊಳಿ ಹೇಳಿದಂಗ ಹೊಕ್ಕಿ, ನಾ ಹೇಳಿದಂಗ ಅಲ್ಲ’ ಅಂತಿದ್ದ.
ದಪ್ಪ ಸಾವಕಾರಗ ಮಾತ್ರ ನಾಕು,
ಕೂಲಿನೂ ನಾಕಾಳಿಂದು.

ಮೀನ ಪ್ಯಾಟಿಯ ಕೊಕ್ಕಿತಕ್ಕಡಿ ತಂದೆ.
ಹಿಂದಿನ ಮನಿಯವರ ಹೌದಿನಾಗ ಸಿಲಿಂಡರು ಇಳಿಬಿಟ್ಟು ತೂಗಿದೆ,
ತುಂಬಿದ್ದೊಮ್ಮೆ, ಖಾಲಿಯಾದದ್ದೊಮ್ಮೆ.
ಎರಡೂವರಿ ಕಿಲೋ ಫರಕು.
ಅಷ್ಟೂ ಗಾಳಿ, ನಾ ಉಸಿರಾಡೂ ಗಾಳಿ.
‘ಉಸಿರಿಗೂ ತೂಕ ಐತಿ ನೋಡ’ ಅಂದೆ.
‘ತಕ್ಕಡಿ ಕೆಟ್ಟಿರಬೇಕು’ ಅಂದಳು ಶಿವಗಂಗಿ,
ಒಣಗಿದ ಅರಬಿ ಮಡಚಿಕೋತ.

ಮತ್ತ ಕ್ಯಾಲೆಂಡರಿನಾಗ ಎಣಿಸಿದೆ.
ಒಂಟಿಯ ದಿನ ವರ್ಷಕ್ಕ ಎಪ್ಪತ್ತರ ಮ್ಯಾಲ:
ಜಾಕ್‌ವೆಲ್ಲು, ಸೇತುವಿ ಕಾಲು, ಬಿದ್ದ ಮೋಟರು,
ಒಮ್ಮೊಮ್ಮೆ, ಪೋಲೀಸರ ಫೋನು ಬಂದಾಗ, ಹೇಳಬಾರದಂಥಾದ್ದು.
ಎಲ್ಲಾ ಏಳೆಂಟು ಮೀಟರು,
ಹಳೇ ಊರಿನ ಓಣಿಗಳ ಮ್ಯಾಲ.
ಜೋಡಿ ಕಟ್ಟೂದು ಆಲಮಟ್ಟಿ ಗೇಟಿನ ಆಳಕ್ಕ,
ಅದೂ ಕಂತ್ರಾಟುದಾರ ಹಣಿಬರಹ ಬದಲಿಸಿದರ
ವರ್ಷಕ್ಕ ಆರು ದಿನ.
ಆರು ದಿನದ ಸಲುವಾಗಿ ಎಪ್ಪತ್ತು ದಿನ ಸೊಟ್ಟ ಈಜಲೇನು?

ಸಣ್ಣದಕ್ಕ ರೊಕ್ಕ ಕಟ್ಟಿದೆ.
ಜೋಡಿಯ ದಿನ ಗೋವಾದ ಗೆಳೆಯನ್ನ ಬೇಡತೇನಿ,
ಅವ ಕೊಡತಾನ, ಬೈದ ಕೊಡತಾನ.
ರಾಜೇಸಾಬ ಎರಡು ದಿನ ಮಾತಾಡಲಿಲ್ಲ.

ಲಾರಿ ಆಫೀಸಿಂದ ತಂದ ರಾತ್ರಿ
ಬಾಯಿಲೆ ಊದಿ, ಮುಚ್ಚಿ, ನಡುಮನಿಯಾಗ ಇಟ್ಟು ಮಲಗಿದೆ.
ಮುಂಜಾನಿತನ ಸೋರದಿದ್ದರ ಖರೇ ಮಾಲು.
ನಿದ್ದಿ ಹತ್ತಲಿಲ್ಲ. ಆಕಿಗೂ ಹತ್ತಿರಲಿಲ್ಲ ಕಾಣಸತೈತಿ,
ಕೋಳಿ ಕೂಗೂಕಿಂತ ಮುಂಚೆ, ದೀಪ ಹಚ್ಚದ
ಎದ್ದು ಹೋಗಿ ಅದರ ಮ್ಯಾಲ ಅಂಗೈ ಊರಿ ನಿಂತಳು
ಬಾಳ ಹೊತ್ತು.
‘ಇನ್ನೂ ಐತಿ’ ಅಂದಳು,
‘ನೀ ನಿನ್ನೆ ಊದಿದ್ದು.’