ರೋವೆನಾ ಉಣ್ಣುವಷ್ಟು ಹೊತ್ತು

ಪಿಯಾನೊದ ರೋವೆನಾ ಊಟಕ್ಕೆ ಏಳುವುದು
ಒಂಬತ್ತೂ ಇಪ್ಪತ್ತಕ್ಕೆ.
ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಅವಳು
ಅನ್ನ, ಹುರಿದ ಮೀನು, ಒಂದು ಸಿಗರೇಟು ಮುಗಿಸುವ ತನಕ
ಮನಾಮದ ಈ ಸಣ್ಣ ಹೋಟೆಲಿನ ಲಾಬಿ ನನ್ನದು.
ಹನ್ನೆರಡು ನಿಮಿಷ.
ಮೀನಿನಲ್ಲಿ ಮುಳ್ಳು ಜಾಸ್ತಿಯಿದ್ದರೆ ಹದಿನಾಲ್ಕು.

ಹಗಲು ನಾನು ಇದೇ ಕಟ್ಟಡದ ಎ.ಸಿ. ಮೆಕ್ಯಾನಿಕ್.
ಡಕ್ಟಿನ ಧೂಳು ಬಳಿಯಲು ತೆವಳಿ ಹೋದಾಗ
ಗೋದಾಮಿನಲ್ಲಿ ಸಿಕ್ಕಿತು ವೈಬ್ರಾಫೋನು,
ಕಾಲು ಮುರಿದ ಕುರ್ಚಿಗಳಡಿ, ಮಡಚಿಟ್ಟ ಮಂಚದ ಹಾಗೆ.
ಯಾವುದೋ ಬ್ಯಾಂಡಿನವರು ಬಿಲ್ಲು ಕಟ್ಟಲಾಗದೆ ಬಿಟ್ಟು ಹೋದದ್ದಂತೆ.
ಮೂವತ್ತೇಳು ಲೋಹದ ಪಟ್ಟಿ. ದಾರ ಹಳಸಿತ್ತು,
ಮುಹರ್ರಕ್‌ನ ಬಲೆಯಂಗಡಿಯಿಂದ ನೈಲಾನು ತಂದು ಪೋಣಿಸಿದೆ.
ಬೆಲ್ಟು ಹರಿದಿತ್ತು,
ಟೇಲರ್ ಶಫೀಕುಲ್ ತನ್ನ ಹೊಲಿಗೆ ಮೆಷಿನಿನದೇ ಬಿಚ್ಚಿ ಕೊಟ್ಟ:
‘ಹಳೇ ಮಾಲು, ಜೋರು ಓಡಿಸಬೇಡ.’
ಅದಕ್ಕೇ ನನ್ನ ಸ್ವರಗಳ ನಡುಕ ಇಷ್ಟು ನಿಧಾನ.
ತಿಳಿದವರೊಬ್ಬರು ಅದನ್ನು ಶೈಲಿ ಅಂದರು.
ನಾನೂ ಸುಮ್ಮನಿದ್ದೆ.

ಕಲಿಸಿದ್ದು ಹುಬ್ಬಳ್ಳಿ ರೈಲ್ವೆಯ ಫಿಟ್ಟರ್, ಆಬ್ರಿ ರೊಝಾರಿಯೊ,
ಮರದ ಪಟ್ಟಿಯ ಮೇಲೆ, ಭಾನುವಾರ, ಬನಿಯನ್ನಿನಲ್ಲಿ:
‘ಮೂವತ್ತೆರಡ ಮನಿ ಆಟಪಾ ಇದು, ಚೌಕಾಬಾರದ್ಹಂಗ.
ಎಂಟು ಮನಿ ನಡಿ. ಮತ್ತ ಅದ ಎಂಟು ನಡಿ.
ಆಮ್ಯಾಲೆ ಎಂಟು ಮನಿ ಮಂದಿ ಓಣ್ಯಾಗ ತಿರುಗು.
ಕಡೀಕ ನಿನ್ನ ಓಣಿಗೆ ಬಂದು ಹಣ್ಣಾಗು.’
ಹಾಡಿನ ಮಾತು ಅವನಿಗೂ ಗೊತ್ತಿರಲಿಲ್ಲ.
‘ಯಾರೋ ಯಾರನ್ನೋ ಬಿಟ್ಟಾರ, ಅಷ್ಟ’ ಅಂತಿದ್ದ.

ಲಾಬಿಯ ಎ.ಸಿ. ಸದಾ ಒಂದೇ ಸ್ವರ ಗುನುಗುತ್ತದೆ,
ಬಿ ಫ್ಲಾಟಿಗಿಂತ ಕೂದಲೆಳೆ ಕೆಳಗೆ.
ಅದೇ ನನ್ನ ತಂಬೂರಿ.
ಅದಕ್ಕೆ ಹೊಂದುವ ಹಾಡುಗಳನ್ನೇ ಆರಿಸುತ್ತೇನೆ,
ನಾಲ್ಕು ಕೋಲು, ಎರಡು ಕೈ, ಪೆಡಲಿನ ಮೇಲೆ ಒಂದು ಸೇಫ್ಟಿ ಶೂ.
ಕೇಳುವವರು ಇದ್ದಾರೆ, ಇಲ್ಲ.
ಚೆಕ್‌ಇನ್‌ಗೆ ನಿಂತವರ ಮಗುವೊಂದು
ಕೊಳವೆಯೊಳಗೆ ಖರ್ಜೂರದ ಬೀಜ ಹಾಕಿತ್ತು ಒಮ್ಮೆ;
ಆ ಎಫ್ ಇನ್ನೂ ಕೆಮ್ಮುತ್ತದೆ.
ತೆಗೆದಿಲ್ಲ.

ಆಗಸ್ಟಿನ ಒಂದು ರಾತ್ರಿ, ಎರಡನೇ ಹಾಡು,
ಹತ್ತೊಂಬತ್ತನೇ ಮನೆಯಲ್ಲಿರುವಾಗ ಕರೆಂಟು ಹೋಯಿತು.
ಮೇಲೆ ದೊಡ್ಡ ಫ್ಯಾನು ನಿಂತಿತು,
ಕೆಳಗೆ ಕೊಳವೆಯ ಬಾಯಲ್ಲಿ ತಿರುಗುವ ಬಿಲ್ಲೆಗಳೂ ನಿಂತವು.
ತಂಬೂರಿಯಿಲ್ಲ. ನಡುಕವಿಲ್ಲ.
ಹೊಡೆದ ಸ್ವರ ಹೊಡೆದಲ್ಲೇ ನೆಟ್ಟಗೆ ನಿಂತಿತು,
ಬರಿಮೈಯಲ್ಲಿ.
ಯಾರೋ ಲೋಟ ಕೆಳಗಿಡಲು ಹೋದವರು
ಇಡದೆ ಹಿಡಿದೇ ಕೂತರು, ಕತ್ತಲಲ್ಲಿ ಗೊತ್ತಾಗುತ್ತದೆ ಅದು.
ನನಗೇ ಹೆದರಿಕೆಯಾಯಿತು.
ಇಪ್ಪತ್ತು, ಇಪ್ಪತ್ತೊಂದು,
ಮಂದಿ ಓಣಿ, ದೀಪವಿಲ್ಲದ ಓಣಿ,
ಬೆರಳ ತುದಿಯಿಂದ ಒಂದು ಪಟ್ಟಿ ಆರಿಸಿ
ಪಕ್ಕದ್ದನ್ನು ಹೊತ್ತಿಸುತ್ತ ನಡೆದೆ.

ಇಪ್ಪತ್ತನಾಲ್ಕರಲ್ಲಿ ಟಾರ್ಚು ಬಿತ್ತು ಮುಖದ ಮೇಲೆ.
ಮ್ಯಾನೇಜರ್ ನಬೀಲ್ ಹುಡುಕುತ್ತಿದ್ದದ್ದು ಮೆಕ್ಯಾನಿಕ್ಕನ್ನು.
‘ಮೌನೇಶ್, ಮೇಲೆ! ಬೇಗ!’

ತಾರಸಿಯಲ್ಲಿ ಆ ಹೊತ್ತಿಗೂ ಕಾವಲಿಯ ಕಾವು.
ಸುಟ್ಟ ಕಾಂಟ್ಯಾಕ್ಟರು ಬಿಚ್ಚಿ, ಹೊಸದು ಹಾಕಿ, ಸ್ವಿಚ್ಚೆತ್ತಿದೆ.
ಶಾಫ್ಟಿನೊಳಗಿಂದ ಕೇಳಿಸಿತು,
ಆರಿಸಲು ಮರೆತ ನನ್ನ ಮೋಟಾರು
ಯಾರೂ ಮುಟ್ಟದೆ ತಾನೇ ಶುರುವಾಗಿ
ಶಫೀಕುಲ್‌ನ ಬೆಲ್ಟು ಕಿರ್‌ ಕಿರ್ ಅನ್ನುವುದು.
ಆಮೇಲೆ ರೋವೆನಾಳ ಪಿಯಾನೊ. ಬೇರೆ ಹಾಡು.
ಹಿಂಜೇಬಿನಲ್ಲಿ ಸ್ಕ್ರೂಡ್ರೈವರಿನ ಪಕ್ಕ
ಉಣ್ಣೆ ಸುತ್ತಿದ ಕೋಲೊಂದು ಇತ್ತು, ಯಾವಾಗ ಸಿಕ್ಕಿಸಿಕೊಂಡೆನೋ.

ಮಾರನೇ ದಿನ ಒಂಬತ್ತೂ ಇಪ್ಪತ್ತಕ್ಕೆ
ಇಪ್ಪತ್ತೈದನೇ ಮನೆಯಿಂದ ಎತ್ತಿಕೊಂಡೆ.
ತಟ್ಟೆ ಹಿಡಿದು ಹೊರಟಿದ್ದ ರೋವೆನಾ ತಿರುಗಿದಳು.
‘ಇದು ಮೊದಲಲ್ಲವಲ್ಲ?’
ಅಲ್ಲ, ಅಂದೆ.
ಹೋಗು, ಮೀನು ಆರುತ್ತದೆ.