ಪರದೇಶದ ಲೆಕ್ಕ

ಶುರುವಾದದ್ದು ಕೊಲಂಬೋದಿಂದ.
ಶುಕ್ರವಾರ ಹಾರಿ ಸೋಮವಾರದ ಹಾಜರಿಗೆ ವಾಪಸ್ಸು,
ಬಿ.ಕಾಂ. ಮುಗಿಯುವ ಮುಂಚೆ ಒಂದು ಸಲ, ಒಂದೇ ಸಲ.
ಐವರಲ್ಲಿ ಪಾಸ್‌ಪೋರ್ಟು ಅಗ್ನೇಲನದೊಂದೇ;
ಅದೂ ಮಗ ಹಡಗು ಹತ್ತಲಿ ಎಂದು ಅಪ್ಪ ಮಾಡಿಸಿದ್ದು,
ಒಂದು ಮುದ್ರೆಯೂ ಬೀಳದೆ ಬೀರುವಿನಲ್ಲಿ
ನುಸಿಗುಳಿಗೆಯ ವಾಸನೆ ಕುಡಿದು ಮಲಗಿದೆ.
ತಲೆಗೆ ಮೂವತ್ತೆರಡು ಸಾವಿರ ಎಂದಿತು ಫೋನು.
ಫೋನನ್ನು ಮಗುಚಿಟ್ಟು
ಬೈತಖೋಲದ ಧಕ್ಕೆಯಲ್ಲಿ ಬಂಗಡೆ ಇಳಿಯುವುದನ್ನು
ಬಹಳ ಹೊತ್ತು ನೋಡಿದೆವು.

ಶಮೀಮಾ ಅಂದಳು: ಪಣಜಿಗೆ ಹೋಗುವಾ,
ಅದೂ ಒಂದು ಕಾಲಕ್ಕೆ ಪರದೇಶವೇ.

ನಮ್ಮಜ್ಜಿಗೆ ಈಗಲೂ ಹೌದು.
ಮಾಜಾಳಿಯ ಹುಡುಗಿ, ಗಡಿಯಾಚೆ ಕೊಟ್ಟ ಅಕ್ಕನನ್ನು ನೋಡಲು
ಚೀಟಿ ಹಿಡಿದು ಪೊಳೇಂ ನಾಕೆಯಲ್ಲಿ ನಿಂತವಳು.
ಪೋರ್ತುಗೀಸರ ಸಿಪಾಯಿ ಬುಟ್ಟಿಗೆ ಕೈ ಹಾಕಿ
ಬಾಣಂತಿಗೆಂದು ಒಯ್ದ ಪಾತೋಳಿ
ಅರಿಶಿನದ ಎಲೆ ಸಮೇತ ತಿಂದನಂತೆ.
ಎಲೆ ಬಿಡಿಸಬೇಕೆಂದು ಹೇಳಲು
ಅವಳಿಗೆ ಅವನ ಭಾಷೆ ಗೊತ್ತಿರಲಿಲ್ಲ,
ಗೊತ್ತಿದ್ದರೂ ಹೇಳುತ್ತಿರಲಿಲ್ಲ.
‘ಬುಟ್ಟಿ ಜೋಪಾನ’ ಅಂದಳು, ನನ್ನ ಬೆನ್ನಿನ ಬ್ಯಾಗು ಮುಟ್ಟಿ.

ಕದಂಬ ಬಸ್ಸು. ಕಾಳಿಯ ನೀರೊಳಗೆ
ಬಿದ್ದ ಹಳೇ ಸೇತುವೆಯ ನೆನಪು,
ಪಕ್ಕದ ಸೇತುವೆ ಮೇಲೆ ನಾವು.
ಸದಾಶಿವಗಡ ದಾಟುವಾಗ ಪ್ರಮಿತ್ ಕಿಟಕಿಗೆ ತಲೆ ಹಾಕಿ
‘ಬಾಯ್ ಬಾಯ್ ಇಂಡಿಯಾ’ ಎಂದು ಕಿರುಚಿದ.
ಕಂಡಕ್ಟರು ಬೈದ; ಬೈಗುಳ ನಮ್ಮ ಮನೆಯದೇ.

ಪಣಜಿಯಲ್ಲಿ ನಾವು ನೋಡಿದ್ದೇನು?
ಹಳದಿ ಗೋಡೆ, ನೀಲಿ ಕಿಟಕಿ, ನೆರಳಿಗೊಂದು ಬೆಕ್ಕು.
ಬೆತಿಮ್ಮಿನ ಫೆರಿಗೆ ನಡೆದು ಬಂದವರಿಂದ ದುಡ್ಡಿಲ್ಲ ಎಂದು
ಮೂರು ಸಲ ಆಚೆ, ಮೂರು ಸಲ ಈಚೆ.
ಅಗ್ನೇಲ್ ಇಗರ್ಜಿಯಲ್ಲಿ ಮೊಣಕಾಲೂರಿದವನು
ನಮಗೆ ಹಸಿವಾಗುವವರೆಗೂ ಏಳಲಿಲ್ಲ.

ಮತ್ತೆ ಆ ಮ್ಯೂಸಿಯಮ್ಮಿನ ಟಿಕೆಟ್ ಕಿಟಕಿ.
ಭಾರತೀಯರಿಗೆ ಇಪ್ಪತ್ತು, ವಿದೇಶಿಯರಿಗೆ ಮುನ್ನೂರು.
ಗುಮಾಸ್ತ ನಾಲ್ಕು ಚೀಟಿ ಹರಿದ,
ಸಾಂತಾನನ ಮುಖ ನೋಡಿದ,
ಗುಂಗುರು ಕೂದಲು ನೋಡಿದ,
ಡ್ರಾಯರಿನಿಂದ ಬೇರೆ ಪುಸ್ತಕ ತೆಗೆದ.
‘ಹಳಿಯಾಳ ತಾಲೂಕು’ ಎಂದ ಸಾಂತಾನ್ ಸಿದ್ದಿ, ಕೊಂಕಣಿಯಲ್ಲೇ,
ನಮ್ಮ ಬಾಯಲ್ಲಿ ಎಂದೋ ಸವೆದುಹೋದ ಶಬ್ದಗಳಿರುವ ಕೊಂಕಣಿ.
‘ಅರೆ, ಕೊಂಕಣಿಯೂ ಕಲಿತಿದ್ದಾನೆ!’ ಗುಮಾಸ್ತನಿಗೆ ಖುಷಿ.
ನಾವು ಜಗಳಕ್ಕೆ ನಿಂತೆವು. ಕಾರ್ಡು ತೋರಿಸು ಅಂದೆವು.
ಹಾಸ್ಟೆಲಿನಲ್ಲಿದೆ ಎಂದು
ಮುನ್ನೂರು ಎಣಿಸಿಟ್ಟ:
‘ಇರಲಿ ಬಿಡ್ರೋ, ನಮ್ಮಲ್ಲೊಬ್ಬನಾದರೂ
ಫಾರಿನ್ನಿಗೆ ಬಂದ ಹಾಗಾಯಿತು.’
ನಕ್ಕೆವು. ಅವನಿಗಿಂತ ಜಾಸ್ತಿ ಹೊತ್ತು ನಕ್ಕೆವು.

ಒಳಗೆ ಒಂದು ಗಾಜಿನ ಪೆಟ್ಟಿಗೆ:
ಹಡಗಿನ ಸರಕಿನ ಪಟ್ಟಿ, ಮಾಸಿದ ಮಸಿ.
ಅದರೆದುರು ಅವನು ನಿಂತಷ್ಟು ಹೊತ್ತು
ಶಮೀಮಾ ಫೋಟೋ ತೆಗೆಯಲಿಲ್ಲ.

ಭಾನುವಾರ ರಾತ್ರಿ, ಮಾಜಾಳಿ ನಾಕೆ.
ಬಾಟಲಿ ಹುಡುಕುವವನು ಬ್ಯಾಗು ಬಗೆದ,
ನನ್ನದರಲ್ಲಿ ಅಜ್ಜಿಗೆ ತಂದ ಬಿಬಿಂಕ ಮೂಸಿ ಬಿಟ್ಟ.
ಸಾಂತಾನನ ಮುಂದೆ ನಿಂತು: ‘ಪಾಸ್‌ಪೋರ್ಟ್?’
ಅವನು ಅಂಗಿಯ ಜೇಬಿನಿಂದ
ಮಡಿಕೆ ಬಿದ್ದ ಆಧಾರ್ ತೆಗೆದು ಕೊಟ್ಟ.
ಅದು ನಿನ್ನೆಯೂ ಅದೇ ಅಂಗಿ.

ಯಾಕೆಂದು ಯಾರೂ ಕೇಳಲಿಲ್ಲ.
ಕಾಳಿ ದಾಟುವಾಗ ಅವನೇ, ಕಿಟಕಿಗೆ:
‘ಪ್ರತಿ ಸಲ ತೋರಿಸಿ ತೋರಿಸಿ ಸಾಕಾಗುತ್ತದೆ.’

ಈಗ ಕಡಲ ದಂಡೆಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ.
ಬಸ್ಸು, ಲಾಡ್ಜು, ಎರಡು ಪ್ಲೇಟು ಸುಂಗಟೆ ಐದು ಪಾಲು.
ಹೆಚ್ಚಿಗೆ ಕೊಟ್ಟ ಇನ್ನೂರೆಂಬತ್ತು
ಎಲ್ಲರೂ ಹಂಚಿಕೊಂಡರೆ ಐವತ್ತಾರು,
ಅವನನ್ನು ಬಿಟ್ಟರೆ ಎಪ್ಪತ್ತು.
ಬೇಡ ಅನ್ನುತ್ತಾನೆ ಅವನು, ಮರಳಲ್ಲಿ ಕಾಲು ಹೂತು.
ಅಂಕಿಯ ಮುಂದೆ ಜಾಗ ಬಿಟ್ಟು
ಪುಸ್ತಕ ಮುಚ್ಚಿದ್ದೇನೆ.
ಆಚೆ, ದೀಪಸ್ತಂಭದ ಗುಡ್ಡದ ಹತ್ತಿರ,
ಯಾವ ದೇಶದ್ದೋ ಒಂದು ಹಡಗು ಲಂಗರು ಹಾಕಿ
ಒಳಗೆ ಬರಲು ಅಪ್ಪಣೆಗೆ ಕಾಯುತ್ತಿದೆ.