ಹಗೇದಿಬ್ಬದಿಂದ ಎಡಕ್ಕೆ

ಮೂವತ್ತೊಂದು ವರ್ಷ ಸಂಬಳ ಎಣಿಸಿಕೊಂಡು ತುಳಿದ ಬೀದಿಗಳಿಗೇ
ಇವತ್ತು ಇನ್ನೂರು ರೂಪಾಯಿ ಕೊಟ್ಟು ಬಂದಿದ್ದೇನೆ.
ಗಡಿಯಾರ ಕಂಬದ ಕೆಳಗೆ, ಬೆಳಿಗ್ಗೆ ಆರೂವರೆ,
ಹನ್ನೊಂದು ಜನ, ಎರಡು ಕ್ಯಾಮೆರಾ, ಒಂದು ಕೈಗೂಸು.
ತಸ್ಕೀನ ಕೆಂಪು ಛತ್ರಿ ಎತ್ತಿ ಹಿಡಿದಳು:
"ಇದು ಕಾಣೋ ಅಷ್ಟು ದೂರದಾಗೆ ಇರ್ರಿ."
ಭಟ್ಟಿಯವರ ಮನೆ ಹುಡುಗಿ, ಇತಿಹಾಸದಲ್ಲಿ ಎಂ.ಎ.
ಅವಳ ಅಜ್ಜನಿಗೆ ಮನಿಯಾರ್ಡರ್ ಎಣಿಸಿ ಕೊಟ್ಟವನು ನಾನು.
ಹೇಳಲಿಲ್ಲ.

ಟಪಾಲಿನವನಿಗೆ ಬೀದಿ ಬೇರೆ ಥರ ಕಾಣುತ್ತದೆ.
ಅವಳು ಬಾಗಿಲ ಮೇಲಿನ ಕೆತ್ತನೆ ತೋರಿಸಿದರೆ
ನನ್ನ ಕಣ್ಣು ಕೆಳಗಿನ ಸಂದಿಗೆ:
ಇಲ್ಲಿ ಕಾರ್ಡು ತೂರುತ್ತಿತ್ತು, ಲಕೋಟೆ ತೂರುತ್ತಿರಲಿಲ್ಲ.
ಹತ್ತಿ ಅಡತಿ ಎಂದಳು. ಸರಿ,
ವಾರಕ್ಕೆ ನಾಲ್ಕು ರಿಜಿಸ್ಟರು, ಎಲ್ಲ ಬೊಂಬಾಯಿಯವು.
ಆ ಕಿಟಕಿಯ ಹಿಂದೆ ಒಬ್ಬಾಕೆ
ತನಗೆ ಬಂದ ಕಾಗದ ನನ್ನಿಂದಲೇ ಓದಿಸಿ,
ನನ್ನ ದನಿ ತಗ್ಗಿದ ಕೂಡಲೇ
"ಅದನ್ನ ಬಿಟ್ಟು ಮುಂದಕ್ಕೆ ಓದಣ್ಣ" ಎನ್ನುತ್ತಿದ್ದಳು.

ಹಗೇದಿಬ್ಬದಲ್ಲಿ ಎಲ್ಲರೂ ನಿಂತೆವು.
"ಈ ನೆಲದ ಹೊಟ್ಟೆಯಾಗೆ ಜೋಳ ಇಡ್ತಿದ್ರು, ಹಗೇವು ಅಂತ.
ಬಾಯಿಗೆ ಕಲ್ಲು, ಮೇಲೆ ಮಣ್ಣು. ವರ್ಷಗಟ್ಟಲೆ ಕೆಡ್ತಿರಲಿಲ್ಲ.
ತೆಗೆದ ಕೂಡಲೇ ಇಳೀಬಾರದು,
ಒಳಗಿನ ಗಾಳಿ ಆಳನ್ನೇ ನುಂಗ್ತಿತ್ತು."
ಕೂಸು ಅತ್ತಿತು. ಕೆಳಗೆ ನೋಡಿದೆವು.
ಡಾಂಬರು.

ಅಲ್ಲಿಂದ ಎಡಕ್ಕೆ, ಮೂರನೇ ಅಂಗಡಿ.
ಈಗ ಮೊಬೈಲಿಗೆ ಗಾಜು ಹಾಕುವ ಜಾಗ.
"ಇಲ್ಲೊಬ್ರು ಚೀನಾದ ಹಲ್ಲಿನ ಡಾಕ್ಟರು ಇದ್ರಂತೆ.
ದೊಡ್ಡ ಊರುಗಳಾಗೆ ಚೀನಾದವರ ಓಣಿಯೇ ಇರ್ತೈತೆ,
ನಮ್ಮಲ್ಲಿ ಒಂದೇ ಬಾಗಿಲು. ಈಗ ಏನೂ ಉಳಿದಿಲ್ಲ."
ಛತ್ರಿ ಮುಂದಕ್ಕೆ ಹೋಯಿತು.

ನನ್ನ ನಾಲಿಗೆ ತಾನಾಗಿ ಬಲಗಡೆಗೆ,
ಹಿಂದಿನಿಂದ ಎರಡನೇ ದವಡೆಹಲ್ಲಿಗೆ ಹೋಯಿತು.

ಷೂ ಅಂತ ಹೆಸರು. ಬೋರ್ಡು ಓದಿ
ಹಳ್ಳಿಯವನೊಬ್ಬ ಕಿತ್ತ ಎಕ್ಕಡ ತಂದಿದ್ದನಂತೆ,
ಡಾಕ್ಟರು ಹೊಲಿದೇ ಕೊಟ್ಟರಂತೆ, ನಾಕಾಣೆ ಇಸಕೊಂಡು.
ಅರವತ್ತೆರಡರ ನಂತರ
ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ,
ಹರಿಹರದ ಹೊಳೆ ದಾಟಲಿಕ್ಕೂ ಚೀಟಿ,
ಎಂದು ನನಗಿಂತ ಹಿಂದಿನ ಭರಮಣ್ಣ ಹೇಳುತ್ತಿದ್ದ.
ಸಹಿ ಹಾಕಿಸಿಕೊಳ್ಳುವ ದಫೇದಾರನ ಹಲ್ಲು ಕಟ್ಟಿದವರೂ ಅವರೇ.

ನನ್ನ ಕಾಲಕ್ಕೆ ತಿಂಗಳಿಗೊಂದು ಕಾಗದ, ಕಲ್ಕತ್ತದಿಂದ.
ಹಿಂಬದಿಯಲ್ಲಿ ಅಕ್ಷರಗಳು ಮಾಳಿಗೆಯ ಮೇಲೆ ಮಾಳಿಗೆ.
ಮಗಳು ಲಿಲಿ ಹೊಸ್ತಿಲಲ್ಲಿ:
"ಕಾಗ್ದ ಐತೇನಣ್ಣ? ಇಲ್ಲಾಂದ್ರೆ ಸುಮ್ನೆ ಬೆಲ್ ಹೊಡಿಬ್ಯಾಡ."
ನಮ್ಮ ಮಾತು, ನಮ್ಮ ಬೈಗುಳ.
ನನ್ನ ಹಲ್ಲು ಕಟ್ಟಿದ ದಿನ ಡಾಕ್ಟರು ಕನ್ನಡಿ ಹಿಡಿದು
"ಎಂಟು ದಿನ ಕಡಲೆ ಬೇಡ" ಎಂದರು. ಅಷ್ಟೇ.
ಕಡೆಯ ರಿಜಿಸ್ಟರ್ ಒಯ್ದ ದಿನ ಬಾಗಿಲಿಗೆ ಬೀಗ.
"ವಿಳಾಸದಾರರು ಊರು ಬಿಟ್ಟಿದ್ದಾರೆ" ಎಂದು
ನಾನೇ ಬರೆದು ಹಿಂದಕ್ಕೆ ಕಳಿಸಿದೆ.
ಎಲ್ಲಿಗೆ ಎಂದು ತುಂಬಲು ಒಂದು ಗೆರೆ ಇತ್ತು.
ಖಾಲಿ ಬಿಟ್ಟೆ.

ಹೇಳಬಹುದಿತ್ತು. ಬಾಯಿ ತೆರೆದು
"ತಸ್ಕೀನ, ಇಲ್ಲಿ ನೋಡವ್ವ, ಉಳಿದೈತೆ" ಎನ್ನಬಹುದಿತ್ತು.
ಹನ್ನೊಂದು ಜನ ಇಣುಕಿ, ಟಾರ್ಚು ಹಾಕಿ, ಫೋಟೊ ಹೊಡೆದು...
ಬೇಡ ಅನ್ನಿಸಿತು.
ತೆಗೆದ ಕೂಡಲೇ ಇಳಿಯಬಾರದು.

ಕಡೆಗೆ ಭಟ್ಟಿ ಸಾಲು. ಹೊಗೆ, ಕಾದ ಮರಳು,
ಜರಡಿಯಲ್ಲಿ ಅಕ್ಕಿ ಒಮ್ಮೆಗೇ ಬೆಳ್ಳಗೆ ಎದ್ದು ಕೂರುವ ಸದ್ದು.
ಅವಳ ಚಿಕ್ಕಪ್ಪ ಎಲ್ಲರ ಕೈಗೂ ಪೊಟ್ಟಣ ಕೊಟ್ಟ:
ಖಾರ ಮಂಡಕ್ಕಿ, ಹುರಿಗಡಲೆ, ಮೇಲೊಂದು ಮಿರ್ಚಿ.
"ಹೆಂಗಿತ್ತು ಅಂಕಲ್? ಊರಿಗೆ ಹೊಸಬರಾ?"
ಬಾಯ್ತುಂಬ ಮಂಡಕ್ಕಿ. ತಲೆ ಆಡಿಸಿದೆ,
ಹೌದೋ ಅಲ್ಲವೋ ತಿಳಿಯದ ಹಾಗೆ.

ಹುರಿಗಡಲೆಯನ್ನು ಆರಿಸಿ ಬಲಗಡೆಗೆ ಹಾಕಿಕೊಂಡು
ನಿಧಾನ ಜಗಿದೆ.
ನಲವತ್ತೊಂದು ವರ್ಷ.